ಲಾಭದಿಂದ ಎಣಿಸಿದವರು

ನಮ್ಮ ಕ್ಲಬ್ಬಿನ ಈ ಸಲದ ಸ್ಮರಣ ಸಂಚಿಕೆಯಲ್ಲಿ ಅವರ ಬಗ್ಗೆ ಒಂದು ಪುಟ ಬರಬೇಕಿತ್ತು. ಫೋಟೋ ಕೂಡ ಆರಿಸಿ ಇಟ್ಟಿದ್ದೆವು. ಸಂಚಿಕೆ ಅಚ್ಚಾಗಿ ಕೈಗೆ ಬಂದಾಗ ಆ ಪುಟದಲ್ಲಿ ಯಾವುದೋ ಟ್ರಾವೆಲ್ಸ್‌ನವರ ಜಾಹೀರಾತು ಇತ್ತು. ಯಾಕೆ ಎಂದು ಕೇಳಿದರೆ ಜಾಗ ಸಾಲಲಿಲ್ಲ ಎಂದರು. ಸಾಲದೆ ಹೋದದ್ದು ಸಂಚಿಕೆಯ ಜಾಗವಲ್ಲ ಎಂದು ಕೇಳಿದ ನನಗೂ ಗೊತ್ತು, ಹೇಳಿದವರಿಗೂ ಗೊತ್ತು. ಇರಲಿ. ಆ ಪುಟವನ್ನು ನಾನು ಇಲ್ಲಿ ಬರೆಯುತ್ತೇನೆ. ಒಂದು ಪುಟಕ್ಕೆ ನಿಲ್ಲಿಸುವುದೂ ಇಲ್ಲ.

ಹೆಸರು ಹಾಕುವುದಿಲ್ಲ. ಅದು ಅವರದೇ ಕರಾರು. ಅವರು ಊರಿಗೆ ಹೋದ ಮೇಲೆ ಫೋನ್ ಮಾಡಿ, ನಿಮ್ಮ ಬಗ್ಗೆ ಬರೆಯಲಾ ಎಂದು ಕೇಳಿದ್ದೆ. ಬೇಕಾದರೆ ಬರೆ, ಹೆಸರು ಮಾತ್ರ ಬೇಡ, ಹೆಸರು ಕಂಡರೆ ನಿಮ್ಮವರು ಅದನ್ನೇ ಹಿಡಿದುಕೊಂಡು ಮತ್ತೆ ನಮ್ಮದು ನಮ್ಮದು ಎಂದು ಶುರು ಮಾಡುತ್ತಾರೆ ಎಂದರು. ಆಸ್ಪತ್ರೆಯಲ್ಲಿ ನಾವೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೇ ಇರಲಿ.

ಸಿಸ್ಟರ್ ಉಡುಪಿ ಕಡೆಯವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ನನ್ನ ಹತ್ತಿರ ಕನ್ನಡ. ನಾನು ಕುಂದಾಪುರದವನು, ನನ್ನ ತುಳು ಕೇಳಿದರೆ ಅವರಿಗೆ ನಗು ತಡೆಯಲಿಕ್ಕೆ ಆಗುತ್ತಿರಲಿಲ್ಲ. ಬಹರೈನಿನ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅವರು ನರ್ಸ್, ನಾನು ಅರಿವಳಿಕೆ ಯಂತ್ರದ ಟೆಕ್ನಿಷಿಯನ್. ನಾನು ಕೆಲಸಕ್ಕೆ ಸೇರುವಾಗಲೇ ಅವರಿಗೆ ಅಲ್ಲಿ ಬಹಳ ವರ್ಷ ಆಗಿತ್ತು. ಕುಳ್ಳಗಿನ ಆಳು. ಜೇಬಿನಲ್ಲಿ ಯಾವಾಗಲೂ ಅಂಟುಪಟ್ಟಿಯ ಒಂದು ಸುರುಳಿ. ಇಲ್ಲಿ ಕೋಲ್ಡ್ ಸ್ಟೋರ್ ಎಂದು ಕರೆಯುವ ದಿನಸಿ ಅಂಗಡಿಗೆ ಹೋದರೆ ಮೂಟೆಯಿಂದ ಒಂದು ಮುಷ್ಟಿ ಕುಚ್ಚಲಕ್ಕಿ ತೆಗೆದು, ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಒಂದು ಕಾಳೂ ಚೆಲ್ಲದೆ ಹಿಂದಕ್ಕೆ ಹಾಕುತ್ತಿದ್ದರು. ಅಕ್ಕಿ ಹಳೆಯದು ಎಂದು ಅವರು ಹೇಳಿದರೆ ಅಂಗಡಿಯ ಮಲಯಾಳಿ ವಾದಿಸುತ್ತಿರಲಿಲ್ಲ.

ಅವರನ್ನು ತಿಳಿಯಬೇಕಾದರೆ ಮೊದಲು ಥಿಯೇಟರಿನ ಎಣಿಕೆ ತಿಳಿಯಬೇಕು. ಹೊಟ್ಟೆ ಕೊಯ್ಯುವ ಮೊದಲು ರಕ್ತ ಒರೆಸುವ ಗಾಜ್ ಬಟ್ಟೆಯ ತುಂಡುಗಳನ್ನೂ ಸೂಜಿಗಳನ್ನೂ ಇಬ್ಬರು ನರ್ಸುಗಳು ಗಟ್ಟಿಯಾಗಿ ಎಣಿಸಬೇಕು. ಹೊಲಿಯುವ ಮೊದಲು ಮತ್ತೆ ಎಣಿಸಬೇಕು. ಎರಡೂ ಲೆಕ್ಕ ಕೂಡಿದರೆ ಹಾಳೆಯ ಮೇಲೆ ‘ಕೌಂಟ್ ಕರೆಕ್ಟ್’ ಎಂದು ಬರೆದು ಸಹಿ ಹಾಕಬೇಕು. ಲೋಕದ ಎಲ್ಲ ನರ್ಸುಗಳೂ ವನ್, ಟೂ, ತ್ರೀ ಎಂದು ಎಣಿಸಿದರೆ ಸಿಸ್ಟರ್ ಎಣಿಸುತ್ತಿದ್ದದ್ದು ಲಾಭ, ಟೂ, ತ್ರೀ ಎಂದು. ಅಕ್ಕಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ನಮ್ಮ ಕಡೆ ಗೊತ್ತಿದ್ದದ್ದೇ. ಆದರೆ ಅದನ್ನು ಥಿಯೇಟರಿನ ಒಳಗೆ ತಂದವರು ಇವರೊಬ್ಬರೇ ಇರಬೇಕು. ಅವರ ಜೊತೆ ಎಣಿಸುತ್ತಿದ್ದ ಫಿಲಿಪಿನೋ ನರ್ಸ್, ಭಾರತದಲ್ಲಿ ವನ್‌ಗೆ ಹಾಗೇ ಹೇಳುವುದು ಎಂದುಕೊಂಡು ತಾನೂ ಲಾಭ ಎನ್ನಲು ಶುರು ಮಾಡಿದಳು. ತಾನು ತರಬೇತಿ ಕೊಟ್ಟ ಹೊಸ ಹುಡುಗಿಯರಿಗೂ ಹಾಗೇ ಕಲಿಸಿದಳು. ಈಗಲೂ ಆ ಥಿಯೇಟರಿನಲ್ಲಿ ಮನಿಲಾದ ಹುಡುಗಿಯರು ಲಾಭ, ಟೂ, ತ್ರೀ ಎನ್ನುತ್ತಾರೆ.

ಒಮ್ಮೆ ನಾನು, ಒಂದು ಎಂದರೆ ಏನಾಗುತ್ತದೆ ಸಿಸ್ಟರ್ ಎಂದು ಕೇಳಿದ್ದೆ.

“ಒಂದು ಅಂದ್ರೆ ಒಂಟಿ ಆಯ್ತಲ್ಲ ಮಾರಾಯ. ಮೊದಲು ಬಂದದ್ದಕ್ಕೆ ಹಾಗೆ ಹೇಳುದಾ? ಅದು ಬಂದದ್ದೇ ಲಾಭ.”

ಲೆಕ್ಕ ತಪ್ಪಿದ ಒಂದು ದಿನವನ್ನು ಹೇಳಲೇಬೇಕು. ಆಪರೇಷನ್ ಮಾಡುತ್ತಿದ್ದದ್ದು ದೊಡ್ಡ ಸರ್ಜನ್, ಅವರ ಮುಂದಿನ ರೋಗಿ ಹೊರಗೆ ಕಾಯುತ್ತಿದ್ದಾರೆ. ಹತ್ತು ಗಾಜ್ ಇರಬೇಕಾದಲ್ಲಿ ಒಂಬತ್ತು ಇದೆ. ಮೊದಲೇ ತಪ್ಪಿ ಎಣಿಸಿರುತ್ತೀರಿ, ನಾನು ಹೊಟ್ಟೆಯೊಳಗೆಲ್ಲ ನೋಡಿದ್ದೇನೆ, ಹೊಲಿಯುತ್ತೇನೆ ಎಂದರು ಸರ್ಜನ್. ಸಿಸ್ಟರ್ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಕೌಂಟ್ ಇನ್‌ಕರೆಕ್ಟ್’ ಎಂದು ಬರೆದು, ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಹಾಗೆ ಬರೆದ ಮೇಲೆ ಹೊಲಿಗೆ ಹಾಕುವಂತಿಲ್ಲ, ಯಾರೂ ಹೊರಗೆ ಹೋಗುವಂತಿಲ್ಲ. ಸರ್ಜನ್ ಬೈದರು, ಮೇಲಿನವರಿಗೆ ದೂರು ಕೊಡುತ್ತೇನೆ ಎಂದರು. ಇವರು ಬಾಗಿಲು ಬಿಡಲಿಲ್ಲ. ಎಲ್ಲರೂ ನೆಲ, ಬಕೆಟ್, ಬಟ್ಟೆ ಜಾಲಾಡಿದೆವು. ಕೊನೆಗೆ ಗಾಜ್ ಸಿಕ್ಕಿದ್ದು ಸರ್ಜನ್ನರದೇ ರಬ್ಬರ್ ಚಪ್ಪಲಿಯ ಅಡಿಯಲ್ಲಿ, ರಕ್ತಕ್ಕೆ ಅಂಟಿಕೊಂಡು. ಸಿಸ್ಟರ್ ಅದನ್ನು ಇಕ್ಕಳದಲ್ಲಿ ಎತ್ತಿ ತೋರಿಸಿ, ಟೆನ್ ಎಂದಷ್ಟೇ ಹೇಳಿ ಹೊಸ ಹಾಳೆ ತೆಗೆದುಕೊಂಡರು. ಸರ್ಜನ್ ಒಂದು ವಾರ ಅವರ ಜೊತೆ ಮಾತಾಡಲಿಲ್ಲ. ವರ್ಷ ಕಳೆದು ತನ್ನ ಹೆಂಡತಿಗೇ ಆಪರೇಷನ್ ಆಗಬೇಕಾಗಿ ಬಂದಾಗ, ಎಣಿಸಲಿಕ್ಕೆ ಆ ಸಿಸ್ಟರೇ ಇರಬೇಕು ಎಂದು ಮೊದಲೇ ಹೇಳಿಟ್ಟರು.

ಇನ್ನು ಫುಟ್ಬಾಲಿಗೆ ಬರುತ್ತೇನೆ. ಅವರನ್ನು ಸಂಚಿಕೆಯಿಂದ ತೆಗೆದದ್ದು ಅದಕ್ಕೇ.

ಇಲ್ಲಿ ಕರಾವಳಿಯವರ ಕ್ಲಬ್ಬುಗಳು ಸೇರಿ ಚಳಿಗಾಲದ ಶುಕ್ರವಾರಗಳಲ್ಲಿ ಒಂದು ಲೀಗ್ ಆಡುತ್ತೇವೆ. ಹಮದ್ ಟೌನಿನ ಒಂದು ರೌಂಡ್‌ಅಬೌಟಿನ ಪಕ್ಕ ಬಾಡಿಗೆ ಮೈದಾನ ಉಂಟು. ಒಂದು ಬದಿಗೆ ಸಿಮೆಂಟಿನ ಮೆಟ್ಟಿಲು. ಕ್ಲಬ್ಬುಗಳಿಗೆಲ್ಲ ಉದ್ದುದ್ದ ಹೆಸರುಗಳಿವೆ, ಆದರೆ ಎಲ್ಲರೂ ಕರೆಯುವುದು ಜಾಗದ ಹೆಸರಿನಲ್ಲೇ. ನಾವು ಜಿಂಜ್‌ನವರು: ಆಫೀಸು, ಬ್ಯಾಂಕು, ಆಸ್ಪತ್ರೆಯ ಜನ, ಹೆಂಡತಿ ಮಕ್ಕಳೊಂದಿಗೆ ಫ್ಲಾಟುಗಳಲ್ಲಿ ಇರುವವರು. ಎದುರಿನವರು ಮೀನಾದವರು: ಮೀನಾ ಸಲ್ಮಾನ್ ಬಂದರಿನ ಗೋದಾಮು ಮತ್ತು ವರ್ಕ್‌ಶಾಪುಗಳಲ್ಲಿ ದುಡಿಯುವವರು, ಹೆಚ್ಚಿನವರು ಕ್ಯಾಂಪಿನ ಕೋಣೆಗಳಲ್ಲಿ ಇರುವವರು. ಹಿಂದೆ ಎರಡೂ ಒಂದೇ ತಂಡವಾಗಿತ್ತು, ಆಡುತ್ತಿದ್ದದ್ದು ಮೀನಾದ ಮಣ್ಣಿನ ಮೈದಾನದಲ್ಲಿ. ಸಿಸ್ಟರ್ ಗಂಡ ಮೀನಾದ ಹಡಗು ರಿಪೇರಿ ವರ್ಕ್‌ಶಾಪಿನಲ್ಲಿ ವೆಲ್ಡರ್, ಆ ತಂಡದ ಗೋಲ್‌ಕೀಪರ್. ಬೆಳಗ್ಗಿನ ಪೂಜೆ ಮುಗಿಸಿ, ಫ್ಲಾಸ್ಕಿನಲ್ಲಿ ಚಹಾ ಹಿಡಿದುಕೊಂಡು ಸಿಸ್ಟರ್ ಆಟ ನೋಡಲು ಬರುತ್ತಿದ್ದರು. ತಂಡ ಬರೀ ಸೋಲುತ್ತಿತ್ತಂತೆ. ಹಲವು ವಾರ ಕಳೆದು ಒಂದು ದಿನ ಕೊನೆಗೂ ಗೋಲು ಬಿದ್ದಾಗ ಸಿಸ್ಟರಿಗೆ ಕೂರಲಿಕ್ಕೆ ಆಗಲಿಲ್ಲ. ನಿಂತಿದ್ದ ಪಿಕಪ್ಪಿನ ಹಿಂಬದಿಗೆ ಹತ್ತಿ, ಅಕ್ಕಿ ಅಳೆಯುವವರ ರಾಗದಲ್ಲಿ ಲಾಭೋ ಎಂದು ಎಳೆದು ಕೂಗಿದರು. ಎಲ್ಲರೂ ಲಾಭ ಎಂದು ಒದರಿದರು. ಎರಡನೆಯ ಗೋಲಿಗೆ ರಡ್ಡೋ, ರಡ್ಡ್. ಮೂರನೆಯದಕ್ಕೆ ಮೂಜೋ, ಮೂಜಿ. ಆ ದಿನ ಮೂಜಿಯವರೆಗೆ ಹೋಯಿತಂತೆ. ಅಲ್ಲಿಂದ ಅದು ತಂಡದ ಕೂಗಾಯಿತು.

ಆಮೇಲೆ ಆಫೀಸಿನವರು ಒಬ್ಬೊಬ್ಬರಾಗಿ ಜಿಂಜ್ ಕಡೆ ಮನೆ ಮಾಡಿದರು. ಜೆರ್ಸಿಯ ಬಣ್ಣಕ್ಕೆ ಶುರುವಾದ ಜಗಳದಲ್ಲಿ ತಂಡ ಎರಡಾಯಿತು. ಚೆಂಡು, ಬಲೆ, ಕಪ್ಪುಗಳನ್ನು ಪಾಲು ಮಾಡಿಕೊಂಡರು. ಕೂಗನ್ನು ಪಾಲು ಮಾಡಲು ಆಗುವುದಿಲ್ಲವಲ್ಲ, ಇಬ್ಬರೂ ಪೂರ್ತಿ ತೆಗೆದುಕೊಂಡು ಹೋದರು. ಸಿಸ್ಟರಿಗೆ ಆಸ್ಪತ್ರೆಯವರು ಜಿಂಜಿನಲ್ಲಿ ಮನೆ ಕೊಟ್ಟದ್ದರಿಂದ ಅವರ ಕೈಗೆ ನಮ್ಮ ಕ್ಲಬ್ಬಿನ ಸದಸ್ಯತ್ವದ ಕಾರ್ಡು ಬಂತು. ಕೆಲವು ವರ್ಷಕ್ಕೆ ಗಂಡ ಹೃದಯ ನಿಂತು ತೀರಿಕೊಂಡರು. ಅದಾದ ಮೇಲೆ ಅವರು ಮೆಟ್ಟಿಲಿಗೆ ಹತ್ತಲೇ ಇಲ್ಲ. ಗೆರೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಔಷಧದ ಚೀಲ ಇಟ್ಟುಕೊಂಡು, ಎರಡೂ ಕಡೆಯವರ ಮಂಡಿಗೆ ಮದ್ದು ಹಚ್ಚುತ್ತಿದ್ದರು. ಕೂಗು ಹುಡುಗರ ಕೈಗೆ ಹೋಯಿತು. ಡ್ರಮ್ಮು ಬಂತು, ಸ್ಪೀಕರ್ ಬಂತು.

ಕುರ್ಚಿಯಲ್ಲಿ ಕೂತ ಸಿಸ್ಟರಿಗೆ ಒಂದು ಅಭ್ಯಾಸವಿತ್ತು. ಪಂದ್ಯ ಮುಗಿದ ಕೂಡಲೇ ಎದ್ದು, ಅಂಗೈ ಬೊಗಸೆಯಂತೆ ಮಡಚಿ, ಸೋತವರ ಕಡೆಗೆ ಒಮ್ಮೆ ಬೀಸುತ್ತಿದ್ದರು. ಮದ್ದಿನ ಪುಡಿ ಕೊಡವುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ.

ಜಗಳ ಶುರುವಾದದ್ದು ನಮ್ಮಿಂದಲೇ. ನಾನು ಆಗ ಕ್ಲಬ್ಬಿನ ಕಾರ್ಯದರ್ಶಿ, ಹಾಗಾಗಿ ನಮ್ಮಿಂದ ಎಂದರೆ ನನ್ನಿಂದ ಎಂದೂ ಆಯಿತು. ನಮ್ಮ ಅಧ್ಯಕ್ಷರಿಗೆ ಹೊಸ ಜೆರ್ಸಿಯ ಬೆನ್ನಿಗೆ ‘ಲಾಭೋ ಲಾಭ’ ಎಂದು ಅಚ್ಚು ಹಾಕಿಸುವ ಉಮೇದು ಬಂತು. ಅವರು ಒಂದು ಕಂಪನಿಯ ಮ್ಯಾನೇಜರ್, ಯಾವುದಕ್ಕೂ ಒಂದು ಛಾಪು ಬೀಳಬೇಕು ಎನ್ನುವವರು. ಜೆರ್ಸಿ ಕಂಡು ಮೀನಾದವರು ಕೆರಳಿದರು. ಅವರ ಮುಂದಾಳು ಗೋದಾಮಿನ ಒಬ್ಬ ಸ್ಟೋರ್‌ಕೀಪರ್, ಉಳ್ಳಾಲದ ಬ್ಯಾರಿ, ದಪ್ಪ ಮೀಸೆಯ ಮನುಷ್ಯ. ಅವರು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಬಿಟ್ಟರು: ಆ ಮೊದಲ ಗೋಲು ಬಿದ್ದ ದಿನ ಗೋಲಿನ ಹಿಂದೆ ಚೆಂಡು ಹೆಕ್ಕಲು ನಿಂತವನು ನಾನು, ಇವರ ಅಧ್ಯಕ್ಷರು ಆಗ ಬಹರೈನ್ ಎಲ್ಲಿ ಉಂಟು ಎಂದು ಭೂಪಟದಲ್ಲಿ ಹುಡುಕುತ್ತಿದ್ದರು. ಕೂಗಿದವರು ನಮ್ಮ ಸದಸ್ಯೆ, ಹಾಗಾಗಿ ಕೂಗು ನಮ್ಮದು ಎಂದು ನಾವು. ಹುಟ್ಟಿದ್ದು ಮೀನಾದ ಮಣ್ಣಿನಲ್ಲಿ, ಹಾಗಾಗಿ ನಮ್ಮದು ಎಂದು ಅವರು. ಲೀಗಿನ ಪಂದ್ಯದಲ್ಲಿ ಎರಡೂ ಕಡೆಯವರು ಒಂದೇ ಗೋಲಿಗೆ ಒಟ್ಟಿಗೆ ಕೂಗಿ, ಒಬ್ಬರ ದನಿ ಒಬ್ಬರು ಮುಚ್ಚಲು ನೋಡಿ, ಮೆಟ್ಟಿಲ ಮೇಲೆ ನೂಕುನುಗ್ಗಲಾಯಿತು. ಯಾರದೋ ಕೈಯ ಬಿಸಿ ಕರಕ್ ಚಹಾ ಊರಿನಿಂದ ಬಂದಿದ್ದ ಯಾರದೋ ಅಮ್ಮನ ಸೀರೆಗೆ ಬಿತ್ತು.

ಲೀಗಿನ ಸಮಿತಿಯವರು ಕೂತು ಒಂದು ತೀರ್ಮಾನಕ್ಕೆ ಬಂದರು. ಫೈನಲ್ ಇರುವುದು ಜಿಂಜ್ ಮತ್ತು ಮೀನಾ ನಡುವೆಯೇ. ಅದರೊಳಗೆ ಕೂಗು ತಮ್ಮದು ಎಂದು ಪುರಾವೆ ಕೊಟ್ಟ ಕ್ಲಬ್ಬು ಮಾತ್ರ ಕೂಗಬಹುದು. ಪುರಾವೆ ಇಲ್ಲದಿದ್ದರೆ ಎರಡೂ ಕ್ಲಬ್ಬಿನವರು ಬಾಯಿ ಮುಚ್ಚಿಕೊಂಡು ಇರಬೇಕು, ಯಾವ ಕ್ಲಬ್ಬಿನ ಸದಸ್ಯರು ಕೂಗಿದರೂ ಆ ಕ್ಲಬ್ಬಿಗೆ ಮುಂದಿನ ಸಲದ ಅಂಕ ಖೋತಾ.

ಪುರಾವೆ ಎಂದರೆ ಸಿಸ್ಟರ್. ಅವರಿಗೆ ನಿವೃತ್ತಿಯಾಗಿ ವೀಸಾ ಮುಗಿಯುವುದೂ ಅದೇ ತಿಂಗಳು. ಕ್ಲಬ್ಬಿನವರು ಬೀಳ್ಕೊಡುಗೆಗೆ ಸಭಾಂಗಣ ನೋಡಿ ಆಗಿತ್ತು. ಶಾಲು, ಸ್ಮರಣಿಕೆ, ಸಂಚಿಕೆಯಲ್ಲಿ ಪುಟ ಎಲ್ಲ ಗೊತ್ತಾಗಿತ್ತು. ಇದನ್ನೆಲ್ಲ ನಾನು ಹೇಳಿದಾಗ ಸಿಸ್ಟರ್, ಶಾಲು ಊರಿನ ಸೆಕೆಗೆ ಆಗುವುದಿಲ್ಲ, ನನಗೆ ಒಂದೇ ಒಂದು ಬೇಕು, ಫೈನಲ್ ದಿನ ಮೆಟ್ಟಿಲ ಮೇಲೆ ನಿಂತು ಒಮ್ಮೆ ಎಣಿಸಿ ಹೋಗಬೇಕು ಎಂದರು. ಗಂಡ ಹೋದ ಮೇಲೆ ಎಣಿಸಲಿಲ್ಲ, ಎಣಿಸದೆ ಊರಿಗೆ ಹೋದರೆ ಸರಿಯಾಗುವುದಿಲ್ಲ ಎಂದರು. ಅವರು ಯಾರ ಹತ್ತಿರವೂ ಏನನ್ನೂ ಕೇಳಿದ್ದನ್ನು ನಾನು ನೋಡಿದ್ದಿಲ್ಲ. ಆ ದಿನ ಕೇಳಿದರು.

ಅಧ್ಯಕ್ಷರಿಗೆ ಹೇಳಿದೆ. ಧಾರಾಳವಾಗಿ ಎಣಿಸಲಿ, ಮೊದಲು ಸಹಿ ಹಾಕಲಿ ಎಂದರು. ನನ್ನಿಂದಲೇ ಒಂದು ಹೇಳಿಕೆ ಬರೆಸಿದರು. ಈ ಘೋಷಣೆಯನ್ನು ನಾನು ಜಿಂಜ್ ಕ್ಲಬ್ಬಿಗಾಗಿ ರಚಿಸಿದ್ದೇನೆ, ಇದರ ಮೇಲೆ ಬೇರೆ ಯಾರಿಗೂ ಹಕ್ಕಿಲ್ಲ ಎಂದು ನಾಲ್ಕು ಸಾಲು. ಬರೆಯುವಾಗ ನನ್ನ ಕೈ ತಡೆಯಲಿಲ್ಲ. ಸಿಸ್ಟರ್ ಮೆಟ್ಟಿಲು ಹತ್ತಬೇಕಾದರೆ ಇದೇ ದಾರಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಜಿಂಜಿನ ಒಂದು ಹೋಟೆಲಿನ ಮಹಡಿಯಲ್ಲಿ ಸಭೆ ಸೇರಿತು. ನಮ್ಮ ಕಡೆಯಿಂದ ಐದು ಜನ, ಮೀನಾದವರು ಐದು ಜನ, ನಡುವೆ ಸಮಿತಿಯ ಒಬ್ಬರು. ಸಿಸ್ಟರ್ ಡ್ಯೂಟಿ ಮುಗಿಸಿ ನೇರವಾಗಿ ಬಂದರು, ಚೀಲ ಕಾಲಡಿಗೆ ಇಟ್ಟರು. ನಾನು ಹಾಳೆಯನ್ನೂ ಪೆನ್ನನ್ನೂ ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸಹಿ ಆಮೇಲೆ, ಮೊದಲು ಇಬ್ಬರೂ ಒಮ್ಮೆ ಪೂರ್ತಿ ಹೇಳಿ ನೋಡುವಾ ಎಂದರು.

ನಮ್ಮವರು ಹೇಳಿದರು: ಲಾಭೋ ಲಾಭ, ರಡ್ಡೋ ರಡ್ಡ್, ಮೂಜೋ ಮೂಜಿ. ಮೀನಾದವರೂ ಹೇಳಿದರು, ಸ್ಟೋರ್‌ಕೀಪರ್ ಮೇಜು ಬಡಿದು ಇನ್ನೂ ಚೆನ್ನಾಗಿ ಹೇಳಿದರು. ಕೆಳಗಿನಿಂದ ಹೋಟೆಲಿನ ಹುಡುಗರು ಇಣುಕಿದರು.

“ಮತ್ತೆ?” ಎಂದರು ಸಿಸ್ಟರ್.

ಮತ್ತೆ ಎಂತದೂ ಇಲ್ಲ, ಅಷ್ಟೇ ಎಂದರು ಅಧ್ಯಕ್ಷರು. ಅಷ್ಟೇ ಎಂದರು ಸ್ಟೋರ್‌ಕೀಪರ್ ಕೂಡ. ಆ ಜಗಳದಲ್ಲಿ ಇಬ್ಬರೂ ಒಪ್ಪಿಕೊಂಡ ಮೊದಲ ಮಾತು ಅದು.

“ಕೊಸರು ಎಲ್ಲಿ ಹೋಯ್ತು?”

ಯಾರಿಗೂ ಗೊತ್ತಾಗಲಿಲ್ಲ. ಅಳೆದು ಮುಗಿದ ಮೇಲೆ ಲೆಕ್ಕಕ್ಕೆ ಹಿಡಿಯದೆ ಕೊಳ್ಳುವವನ ಚೀಲಕ್ಕೆ ಹಾಕುವ ಒಂದು ಮುಷ್ಟಿಯೇ ಕೊಸರು. ಅದು ನಮಗೆಲ್ಲ ಗೊತ್ತು. ಕೂಗಿನಲ್ಲಿ ಅದಕ್ಕೆ ಏನು ಕೆಲಸ? ಆಗ ಸಿಸ್ಟರ್ ಹೇಳಿದರು. ಪಂದ್ಯ ಮುಗಿದ ಮೇಲೆ ಗೆದ್ದವರು ತಮ್ಮ ಗೋಲುಗಳನ್ನು ಎಣಿಸಿ, ಕೊನೆಗೆ ಸೋತವರ ಕಡೆ ತಿರುಗಿ ಕೊಸರು ಎಂದು ಕೂಗಿ ಒಂದು ಮುಷ್ಟಿ ಎಸೆಯಬೇಕು. ಆ ಪಿಕಪ್ಪಿನ ಮೇಲೆ ನಿಂತ ಮೊದಲ ದಿನವೂ ಅವರು ಹಾಗೇ ಮಾಡಿದ್ದರು. ಸೋತ ಕಡೆಯ ಗೋಲ್‌ಕೀಪರ್ ತಲೆ ತಗ್ಗಿಸಿ ನಿಂತಿದ್ದನಂತೆ. ಪ್ರತಿ ವಾರ ಹಾಗೆ ನಿಂತು ಮನೆಗೆ ಬರುವ ಗೋಲ್‌ಕೀಪರ್ ಒಬ್ಬ ತಮ್ಮ ಮನೆಯಲ್ಲೇ ಇದ್ದಾನಲ್ಲ ಎಂದು ಅವನ ಕಡೆಗೆ ಎಸೆದರಂತೆ. ತಂಡ ಎರಡಾದಾಗ ಎದುರಿನವರಿಗೆ ಒಂದು ಮುಷ್ಟಿ ಕೊಡುವ ಮನಸ್ಸು ಇಬ್ಬರಿಗೂ ಇರಲಿಲ್ಲ, ಅಲ್ಲಿಗೆ ಬಿಟ್ಟುಹೋಯಿತು, ಮೊದಲ ದಿನ ಅಲ್ಲಿದ್ದ ಸ್ಟೋರ್‌ಕೀಪರಿಗೂ ಮರೆತುಹೋಗಿತ್ತು. ನನಗೆ ಆ ಪುಡಿ ಕೊಡವುವ ಕೈ ನೆನಪಾಯಿತು.

ಸಮಿತಿಯವರು, ಆದರೂ ಮೊದಲು ಮಾಡಿದವರು ನೀವಲ್ಲವಾ, ಯಾರಿಗಾಗಿ ಎಂದು ಹೇಳಿಬಿಡಿ ಎಂದರು. ಅದಕ್ಕೆ ಸಿಸ್ಟರ್ ಅಮ್ಮನ ವಿಷಯ ತೆಗೆದರು. ಅಮ್ಮ ಒಂದು ಅಕ್ಕಿ ಮಿಲ್ಲಿನ ಅಂಗಳದಲ್ಲಿ ಅಳೆಯುವ ಕೆಲಸದವರು. ಮಿಲ್ಲಿನ ಹೊಸ ಮೇಲ್ವಿಚಾರಕ ಒಂದು ದಿನ, ಇನ್ನು ಕೊಸರು ಹಾಕಬೇಡ ಎಂದನಂತೆ. ಅಮ್ಮ ಸೇರನ್ನು ಕವುಚಿ ಹಾಕಿ, ಅಳೆಯಲು ಬೇರೆಯವರನ್ನು ನೋಡಿಕೊಳ್ಳಿ ಎಂದು ಮನೆಗೆ ಬಂದರಂತೆ. ನಾಲ್ಕನೆಯ ದಿನ ಅವನೇ ಮನೆಯ ಬಾಗಿಲಿಗೆ ಬಂದ. ಅಮ್ಮ ಹೋಗಿ ಮೊದಲ ಚೀಲಕ್ಕೆ ಎರಡು ಮುಷ್ಟಿ ಹಾಕಿದರಂತೆ.

“ಆ ಅಂಗಳ ನಮ್ಮದ್ದಲ್ಲ, ಅಕ್ಕಿ ನಮ್ಮದ್ದಲ್ಲ, ಸೇರು ಸಹ ಮಿಲ್ಲಿನವರದ್ದು. ಅಮ್ಮನ ಹತ್ರ ಇದ್ದದ್ದು ಬಾಯಿಯ ಲೆಕ್ಕ ಮಾತ್ರ. ಅದನ್ನು ಸಹ ಅಮ್ಮ ನಂದು ಅಂತ ಒಂದು ದಿನ ಹೇಳ್ಲಿಲ್ಲ. ಕೊಸರು ಹಾಕ್ಲಿಕ್ಕೆ ಕೈ ಬಾರದವರು ನೀವು, ನಿಮ್ದು ಅಂತ ಬರ್ದು ಕೊಡ್ಬೇಕಾ ನಾನು?”

ದನಿ ಏರಿಸಲಿಲ್ಲ. ಹಾಳೆಯನ್ನು ಎಳೆದುಕೊಂಡರು, ಪೆನ್ನು ತೆಗೆದರು. ಅಧ್ಯಕ್ಷರ ಮುಖ ಅರಳಿತು. ಸಿಸ್ಟರ್ ಸಹಿಯ ಜಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಕೌಂಟ್ ಇನ್‌ಕರೆಕ್ಟ್’ ಎಂದು ಬರೆದು, ಕೆಳಗೆ ಸಹಿ ಹಾಕಿ, ಜೇಬಿನಿಂದ ಅಂಟುಪಟ್ಟಿ ತೆಗೆದು ಹಾಳೆಯನ್ನು ಹೋಟೆಲಿನ ಗೋಡೆಗೆ ಅಂಟಿಸಿದರು. ಆ ಮಾತಿನ ಅರ್ಥ ಆ ಕೋಣೆಯಲ್ಲಿ ನನಗೊಬ್ಬನಿಗೇ ಪೂರ್ತಿ ಗೊತ್ತಿತ್ತು. ಲೆಕ್ಕ ಸರಿಯಾಗುವ ತನಕ ಹೊಲಿಗೆ ಇಲ್ಲ.

ಅಧ್ಯಕ್ಷರು, ಹಾಗಾದರೆ ನಮ್ಮ ಕಡೆಯಿಂದ ನೀವು ಮೆಟ್ಟಿಲು ಹತ್ತುವ ಹಾಗಿಲ್ಲ, ಬೀಳ್ಕೊಡುಗೆಯ ಬಗ್ಗೆಯೂ ಯೋಚಿಸಬೇಕಾಗುತ್ತದೆ ಎಂದರು. ಯೋಚಿಸಿ ಎಂದು ಹೇಳಿ ಸಿಸ್ಟರ್ ಚೀಲ ಎತ್ತಿಕೊಂಡರು. ಸಮಿತಿಯವರು ಎರಡೂ ಕ್ಲಬ್ಬಿಗೆ ಕೂಗು ಬಂದ್ ಎಂದು ಬರೆದುಕೊಂಡರು. ಖಲಾಸ್.

ಫೈನಲ್ ದಿನ ಮೈದಾನದ ಗೇಟಿನಲ್ಲಿ ಸಿಸ್ಟರ್ ನನ್ನನ್ನು ಕಾಯುತ್ತಿದ್ದರು. ಸದಸ್ಯತ್ವದ ಕಾರ್ಡನ್ನು ನನ್ನ ಕೈಗೆ ಇಟ್ಟರು. ಯಾವ ಕ್ಲಬ್ಬಿನ ಸದಸ್ಯರೂ ಕೂಗಬಾರದು ಅಂತ ಅಲ್ಲವಾ ಇರುವುದು, ನಾನು ಈಗ ಯಾರ ಸದಸ್ಯೆಯೂ ಅಲ್ಲ ಎಂದು ಒಳಗೆ ನಡೆದರು. ನಮ್ಮವರು ಮೆಟ್ಟಿಲ ಎಡಕ್ಕೆ, ಮೀನಾದವರು ಬಲಕ್ಕೆ, ನಡುವೆ ಒಂದಷ್ಟು ಮೆಟ್ಟಿಲು ಖಾಲಿ ಬಿಟ್ಟಿದ್ದರು. ಸಿಸ್ಟರ್ ಹೋಗಿ ಆ ಖಾಲಿ ಜಾಗದ ಸರೀ ನಡುವಿನಲ್ಲಿ ಕೂತರು. ಪಕ್ಕದಲ್ಲಿ ಔಷಧದ ಚೀಲ.

ಮೊದಲ ಗೋಲು ಮೀನಾದ್ದು. ಅವರ ಕಡೆ ನೂರು ಬಾಯಿ ತೆರೆದು ಹಾಗೇ ನಿಂತವು. ಸಮಿತಿಯವರು ಪುಸ್ತಕ ಹಿಡಿದು ಮೆಟ್ಟಿಲ ಕಡೆಗೇ ನೋಡುತ್ತಿದ್ದರು. ಆಗ ಸಿಸ್ಟರ್ ಎದ್ದು ನಿಂತರು. ಕುಳ್ಳಗಿನ ಆಳು, ಬಿಳಿಯಾದ ತಲೆ. ಲಾಭೋ ಎಂದು ಎಳೆದರು. ಆ ದನಿಯನ್ನು ಥಿಯೇಟರಿನ ನಾಲ್ಕು ಗೋಡೆಯೊಳಗೆ ಮಾತ್ರ ಕೇಳಿದ್ದ ನಾನು ಅದಕ್ಕೆ ಅಷ್ಟು ದೂರ ಹೋಗಲಿಕ್ಕೆ ಆಗುತ್ತದೆ ಎಂದು ತಿಳಿದಿರಲಿಲ್ಲ. ಉತ್ತರ ಕೊಡುವವರು ಯಾರೂ ಇರಲಿಲ್ಲ. ಲಾಭ ಎಂದು ಅವರೇ ಹೇಳಿ ಕೂತರು. ಸಮಿತಿಯವರು ಓಡಿಬಂದರು. ಸಿಸ್ಟರ್, ಯಾವ ಕ್ಲಬ್ಬಿನ ಅಂಕ ತೆಗೆಯುತ್ತೀರಿ ತೆಗೆಯಿರಿ ಎಂದರು. ಅವರು ಪುಸ್ತಕ ತೆರೆದರು, ಬರೆಯಲು ಜಾಗ ಕಾಣದೆ ಮುಚ್ಚಿದರು.

ಆಮೇಲೆ ನಮ್ಮದೊಂದು ಗೋಲು. ಸಿಸ್ಟರ್ ನಮಗೂ ಎದ್ದು ನಿಂತು ಲಾಭೋ ಎಂದರು. ಕೊನೆಗೆ ಮೀನಾದವರು ಇನ್ನೊಂದು ಹೊಡೆದು ಗೆದ್ದರು. ಸೀಟಿ ಊದಿದ ಮೇಲೆ ಸಿಸ್ಟರ್ ಒಬ್ಬರೇ ಮೀನಾದವರ ಪರವಾಗಿ ಲಾಭೋ ಲಾಭ, ರಡ್ಡೋ ರಡ್ಡ್ ಎಂದು ಎಣಿಸಿ ಮುಗಿಸಿದರು. ಸೋತ ನಮ್ಮ ಕಡೆಗೆ ಪೂರ್ತಿ ತಿರುಗಿದರು. ಅಂಗೈ ಮಡಚಿ, ಕೊಸರು ಎಂದು ಕೂಗಿ, ತಮ್ಮನ್ನು ಸಂಚಿಕೆಯಿಂದಲೂ ಸಭಾಂಗಣದಿಂದಲೂ ತೆಗೆದುಹಾಕಲು ಹೊರಟಿದ್ದ ನಮ್ಮೆಲ್ಲರ ಮೇಲೆ ಒಂದು ಮುಷ್ಟಿ ಎಸೆದರು.

ಎದ್ದು ನಿಲ್ಲಬೇಕಿತ್ತು. ನಾನು ಕೂತೇ ಇದ್ದೆ, ಜೇಬಿನಲ್ಲಿ ಅವರ ಕಾರ್ಡು. ನನಗೆ ನಾಚಿಕೆಯಾಗುವುದು ಆ ಹೇಳಿಕೆ ಬರೆದದ್ದಕ್ಕಿಂತ ಹೆಚ್ಚಾಗಿ ಆ ಕೂತದ್ದಕ್ಕೆ.

ಬೀಳ್ಕೊಡುಗೆ ನಡೆಯಲಿಲ್ಲ. ಸಭಾಂಗಣ ಸಿಗಲಿಲ್ಲವಂತೆ. ಅವರು ಹೊರಡುವ ದಿನ ನಾನು ವಿಮಾನ ನಿಲ್ದಾಣಕ್ಕೂ ಹೋಗಲಿಲ್ಲ. ಡ್ಯೂಟಿ ಉಂಟು ಎಂದು ಹೇಳಿದೆ. ಇರಲಿಲ್ಲ. ಆಸ್ಪತ್ರೆಯ ಕೊನೆಯ ದಿನ ಮಾತ್ರ ಅವರ ಜೊತೆ ಇದ್ದೆ. ಕೊನೆಯ ಆಪರೇಷನ್ನಿನ ಎಣಿಕೆ ಕೂಡಿತು, ಹಾಳೆಗೆ ಸಹಿ ಹಾಕಿ ಪೆನ್ನನ್ನು ಫಿಲಿಪಿನೋ ನರ್ಸಿನ ಜೇಬಿಗೆ ಸಿಕ್ಕಿಸಿದರು. ಇದಕ್ಕೆ ಕೊಸರು ಇಲ್ಲವಾ ಸಿಸ್ಟರ್ ಎಂದು ತಮಾಷೆಗೆ ಕೇಳಿದೆ.

“ಇಲ್ಲಿ ಒಂದು ಹೆಚ್ಚಾದ್ರೆ ಮನುಷ್ಯ ಸಾಯ್ತಾನೆ. ಹೊರಗೆ ಒಂದು ಮುಷ್ಟಿ ಹೆಚ್ಚು ಹಾಕಿ ಸತ್ತವರನ್ನು ನಾನು ಕಾಣ್ಲಿಲ್ಲ.”

ಈಗ ಹೊಸ ಲೀಗ್ ಶುರುವಾಗಿದೆ. ಕೂಗಿನ ಮೇಲಿನ ನಿಷೇಧ ಹಾಗೇ ಉಂಟು. ಜೆರ್ಸಿಯ ಬೆನ್ನಿನ ಅಕ್ಷರ ಒಗೆದು ಒಗೆದು ಸಿಪ್ಪೆ ಏಳುತ್ತಿದೆ. ಕಳೆದ ಶುಕ್ರವಾರ ಜಿಂಜ್ ಮತ್ತು ಮೀನಾ ನಡುವೆ ಮೊದಲ ಪಂದ್ಯ. ಸ್ಮರಣ ಸಂಚಿಕೆ ಹಂಚಿದ್ದೂ ಅಂದೇ. ಟ್ರಾವೆಲ್ಸ್‌ನವರ ಜಾಹೀರಾತು ನೋಡಿ, ಜಾಗ ಸಾಲಲಿಲ್ಲ ಎನ್ನುವ ಉತ್ತರ ಕೇಳಿ, ನಾನು ನನ್ನ ಕಾರ್ಡನ್ನು ಆ ಪುಟದ ನಡುವೆ ಇಟ್ಟು ಅಧ್ಯಕ್ಷರ ಕೈಗೆ ಕೊಟ್ಟೆ. ಕಾರ್ಯದರ್ಶಿಯ ಮೊಹರನ್ನೂ ಕೊಟ್ಟೆ. ಸಣ್ಣ ವಿಷಯಕ್ಕೆ ಯಾಕೆ ಇಷ್ಟು ಎಂದರು. ಸಣ್ಣದಾಗಿದ್ದರೆ ನೀವು ಅದನ್ನು ಬೆನ್ನಿಗೆ ಬರೆಸಿಕೊಳ್ಳುತ್ತಿರಲಿಲ್ಲ ಎಂದೆ. ಇಷ್ಟು ವರ್ಷಗಳಲ್ಲಿ ನಾನು ಅವರಿಗೆ ಎದುರು ಹೇಳಿದ ಮೊದಲ ಮಾತು.

ಹೋಗಿ ನಡುವಿನ ಖಾಲಿ ಮೆಟ್ಟಿಲಲ್ಲಿ ಕೂತೆ, ಸಿಸ್ಟರ್ ಕೂತಿದ್ದಲ್ಲೇ. ಎಡಗಡೆಯಿಂದ ನಮ್ಮವರು ನೋಡಿದರು, ನನ್ನ ಹೆಂಡತಿಯೂ ಮಗಳೂ ನೋಡಿದರು. ಬಲಗಡೆಯಿಂದ ಮೀನಾದವರು ನೋಡಿದರು. ಸಿಮೆಂಟು ಬಿಸಿಲಿಗೆ ಕಾದಿತ್ತು. ಆಟ ಇನ್ನೂ ಶುರುವಾಗಿರಲಿಲ್ಲ. ಸುಮ್ಮನೆ ಕೂರಲು ಆಗದೆ ತುಟಿಯಲ್ಲೇ ಎಣಿಸುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಸ್ಟೋರ್‌ಕೀಪರ್ ಎದ್ದು ಬಂದರು. ನನ್ನೆದುರು ನಿಂತು, ಎಂತ ಎಣಿಸ್ತಿದ್ದೀರಿ ಮಾರಾಯ್ರೆ ಎಂದು ಕೇಳಿದರು. ಇಲ್ಲಿ ಕೂತವರನ್ನು ಎಂದೆ.

“ಎಷ್ಟಾಯ್ತು?”

“ಲಾಭ” ಎಂದೆ.

ಅವರು ಮೀಸೆಯ ಅಡಿಯಲ್ಲೇ ನಕ್ಕರು. ಹಿಂಬದಿಯ ಜೇಬಿನಿಂದ ಮೀನಾ ಕ್ಲಬ್ಬಿನ ಕಾರ್ಡು ತೆಗೆದು, ಎರಡು ತುಂಡು ಮಾಡಿ ಮೆಟ್ಟಿಲಿಗೆ ಹಾಕಿ, ಅದರ ಮೇಲೆಯೇ ನನ್ನ ಪಕ್ಕ ಕೂತರು.

“ರಡ್ಡ್” ಎಂದರು.